ಹದಿನಾರು ಗಜದ ಹಗ್ಗ

ಅಯ್ಯಯ್ಯೋ, ಆ ಮೂಲೇದು ಬಿಡು, ಬಿಡು! ಅದನ್ನ ಯಾಕೆ ಮುಟ್ತೀಯ? ಈ ಕಡೆ ರಾಶಿ ಬಿದ್ದಿಲ್ವಾ ಕಂಬಳಿ, ಇಲ್ಲಿಂದ ಶುರು ಮಾಡು. ಆ ಮೂಲೇಲಿ ಇಲಿ ಇದೆ ಕಣೋ. ಅಂತಿಂಥ ಇಲಿ ಅಲ್ಲ. ನಿನ್ನೆ ನನ್ನನ್ನೇ ಗುರಾಯಿಸ್ತು. ಬೆಕ್ಕು ಬಂತು, ಇದರ ಮುಖ ನೋಡ್ತು, ತಪ್ಪಾಯ್ತು ಅಂತ ವಾಪಸ್ ಹೋಯ್ತು... ನಗು, ನಗು. ಆದ್ರೆ ಬಾಯಲ್ಲಿ ಗುಂಡುಸೂಜಿ ಕಚ್ಕೊಂಡು ನಗಬೇಡ, ನುಂಗಿಬಿಟ್ಟೀಯ. ದರ್ಜಿಗಳ ಸಹವಾಸವೇ ಇಷ್ಟು! ಕೆಲಸ ಶುರುವಾದ್ರೆ ಬಾಯಿಗೆ ನಾಲ್ಕು ಸೂಜಿ, ಆಮೇಲೆ ಮನೆಗೆ ಬೆಂಕಿ ಬಿದ್ರೂ ಒಂದು ಮಾತಿಲ್ಲ.

ಕೂತ್ಕೋ. ಆ ರೋಲರ್ ಮೇಲೆ ಕೂತ್ಕೋ. ಹರಿದಿರೋದನ್ನ ಹೊಲಿ, ಹರೀದೇ ಇರೋದನ್ನ ಮಡಚು. ಹತ್ತು ಗಂಟೆಗೆ ಆಸ್ಪತ್ರೆ ವ್ಯಾನ್ ಬರುತ್ತೆ. ಟಿಕೆಟ್ ಬದಲು ಮನೆಗೊಂದು ಕಂಬಳಿ ಅಂತ ಮಾಡಿದ್ದು ಒಳ್ಳೇ ಉಪಾಯವೇ. ಉಪಾಯ ನನ್ನದು... ಏನು ಹುಬ್ಬು ಹಾರಿಸ್ತೀಯ? ಹಲ್ಲಿನ ಡಾಕ್ಟರಮ್ಮಂದು ಅಂತೀಯಾ? ಸರಿಯಪ್ಪ. ಬಾಯಿ ಬಿಟ್ಟು ಹೇಳಿದ್ದು ಆಕೆ. ಮನಸ್ಸಿಗೆ ಮೊದಲು ಬಂದಿದ್ದು ನನಗೆ.

ಎಷ್ಟು ಬಂದಿದೆ ಗೊತ್ತಾ? ಸಾವಿರ ಕಂಬಳಿ!

...ಐನೂರು.

...ಹೋಗ್ಲಿ, ಎಪ್ಪತ್ತೆರಡು. ನಿನ್ನ ಮುಂದೆ ಒಂದೂ ನಿಲ್ಲಲ್ಲ ಕಣೋ. ಕುತ್ತಿಗೆಗೆ ಅಳತೆ ಟೇಪು ಹಾಕ್ಕೊಂಡೇ ಹುಟ್ಟಿದ ಮನುಷ್ಯ ನೀನು.

ನಾನಾ? ನಾನು ಬಾಗಿಲು ಹಾಕ್ಕೊಂಡು ಏನು ಮಾಡ್ತಿದ್ದೆ ಅಂದ್ರೆ... ಸುಣ್ಣ ಕಲಸ್ತಿದ್ದೆ. ಕೈ ನೋಡ್ತೀಯ? ತೊಳ್ಕೊಂಡೆ. ಬಕೆಟ್ ನೋಡ್ತೀಯ? ಅದನ್ನೂ ತೊಳೆದೆ. ಏನಯ್ಯ ಇದು, ಪೊಲೀಸ್ ಥರ! ಮೂವತ್ತೊಂದು ವರ್ಷ ಈ ಮೈದಾನದ ಗೆರೆ ಎಳೆದವನಪ್ಪ ನಾನು. ರಿಟೈರ್ ಆದ್ರೂ ಈ ಶೆಡ್ಡಿನ ಬಾಗಿಲು ನನ್ನ ಕೆಮ್ಮು ಕೇಳಿದ್ರೆ ತಾನೇ ತೆರೆಯುತ್ತೆ. ಸುಮ್ನೆ ಬಂದೆ. ಹಳೇ ವಾಸನೆ... ಸುಣ್ಣ, ಗೋಲ್‌ಕೀಪರ್ ಪ್ಯಾಡಿನ ಬೆವರು, ಮುಗ್ಗಲು ಹಿಡಿದ ಬಲೆ. ಬೇರೆಯೋರಿಗೆ ವಾಂತಿ ಬರುತ್ತೆ, ನನಗೆ ಹಸಿವಾಗುತ್ತೆ.

ಅದಿರಲಿ. ಕೇಳು, ಇವತ್ತಿನ ಕಾರ್ಯಕ್ರಮ ಗೊತ್ತಲ್ಲ? ಹತ್ತು ಗಂಟೆಗೆ ಹುಡುಗೀರ ಪಂದ್ಯ, ನಿನ್ನ ಮೊಮ್ಮಗಳದು. ಅದಕ್ಕೆ ಮುಂಚೆ ಮೈಕಲ್ಲಿ ನನ್ನ ಕಥೆ. ಹತ್ತು ನಿಮಿಷ ಕೊಟ್ಟಿದ್ದಾರೆ, ನಾನು ಇಪ್ಪತ್ತು ತಗೋತೀನಿ. ಕಥೆ ಆದಮೇಲೆ ಕ್ಷೌರದಂಗಡಿಯವನು ನಿನ್ನ ವೇಷ ಹಾಕ್ಕೊಂಡು ಬರ್ತಾನಂತೆ. ಕುತ್ತಿಗೆಗೆ ಟೇಪು, ಕೈಯಲ್ಲಿ ಹಾಕಿ ಸ್ಟಿಕ್ಕು! ಬಂದು, ಅಲ್ಲಿ ಬಸ್‌ಸ್ಟಾಪ್ ಹತ್ರ ನಿಂತು ಗೋಲು ಹೊಡೀತಾನಂತೆ. ಜನ ಬಿದ್ದು ಬಿದ್ದು ನಗ್ತಾರೆ. ನಿನಗೆ ಬೇಜಾರಿಲ್ಲ ಅಂತ ನಾನೇ ಹೇಳಿದೆ. ನಮ್ಮ ಗೆರೆಗೆ ಎಂಥ ಬೇಜಾರಯ್ಯ, ಊರಿಗೆ ಊರೇ ಗೆರೆ ಗೆರೆ ಅಂತ ಕರೆದು ಕರೆದು ರೇಷನ್ ಕಾರ್ಡಲ್ಲೂ ಅದೇ ಹೆಸರಿದೆ ಅಂದೆ.

...ಇಲ್ವಾ? ರೇಷನ್ ಕಾರ್ಡಲ್ಲಿ ಇಲ್ಲ ಬಿಡು.

ತಾಳು, ಹೇಗೆ ಶುರು ಮಾಡ್ತೀನಿ ಅಂತ ಒಂದ್ಸಲ ಹೇಳಿ ತೋರಿಸ್ತೀನಿ. ನೀನು ಇನ್ನೂರು ಸಲ ಕೇಳಿದ್ದೀಯ, ಇನ್ನೂರ ಒಂದು ಆಗ್ಲಿ. "ಮಹಾಜನಗಳೇ! ನಲವತ್ತೈದು ವರ್ಷದ ಹಿಂದೆ, ಇದೇ ಮೈದಾನ, ಫೈನಲ್ ಪಂದ್ಯ. ಹತ್ತು ಸಾವಿರ ಜನ..." ಇರಲಿ ಬಿಡು, ಮುನ್ನೂರು ಅಂತ ನನಗೂ ಗೊತ್ತು, ಮೈಕಲ್ಲಿ ಮುನ್ನೂರು ಅಂದ್ರೆ ಕೇಳೋಕೆ ಚೆನ್ನಾಗಿರಲ್ಲ. "ಒಂದಕ್ಕೊಂದು ಗೋಲು, ಕೊನೇ ನಿಮಿಷ. ನನ್ನ ಭಾವಮೈದ, ಇಪ್ಪತ್ತು ವರ್ಷದ ಚಿಗರೆ, ಚೆಂಡು ತಗೊಂಡು ಓಡಿದ! ಒಬ್ಬನನ್ನ ದಾಟಿದ, ಇಬ್ಬರನ್ನ ದಾಟಿದ, ಅಡ್ಡ ಬಂದ ನಾಯೀನೂ ದಾಟಿದ! ಈಗ, ಹಾಕಿ ಗೊತ್ತಿಲ್ಲದೋರು ಕೇಳಿ. ಗೋಲಿನ ಮುಂದೆ ಅರ್ಧ ಚಂದ್ರನ ಥರ ಒಂದು ಬಿಳಿ ಗೆರೆ ಇರುತ್ತೆ. ಆ ಗೆರೆ ಒಳಗಿಂದ ಹೊಡೆದ್ರೇನೇ ಗೋಲು. ಹೊರಗಿಂದ ಹೊಡೆದ್ರೆ ಚೆಂಡು ಬಲೆ ಹರ್ಕೊಂಡು ಹೋದ್ರೂ ಸೊನ್ನೆ! ನಮ್ಮ ಹುಡುಗ ಹೊಡೆದ. ಚೆಂಡು ಬಲೆಗೆ ಬಿತ್ತು. ಎಲ್ಲರೂ ಕುಣಿದ್ರು. ಅಂಪೈರ್ ಬಂದ, ಕೈ ಆಡಿಸಿದ. ಯಾಕಪ್ಪಾ ಅಂದ್ರೆ, ನಮ್ಮ ಹುಡುಗ ಹೊಡೆದಿದ್ದು ಗೆರೆಯಿಂದ ನಾಲ್ಕು ಗಜ ಆಚೆಯಿಂದ! ಈ ಮಹಾಶಯ ಏನು ಮಾಡಿದ? ಸ್ಟಿಕ್ ಎಸೆದ! ಅದು ಗಿರ್ರನೆ ಹಾರಿ ಮುಖ್ಯ ಅತಿಥಿಗಳ ಟೀ ಲೋಟಕ್ಕೆ..."

ಯಾಕೆ ನಗಲಿಲ್ಲ?

ಟೀ ಲೋಟದ ಹತ್ರ ನೀನು ಯಾವಾಗಲೂ ನಗ್ತಿದ್ದೆ. ಎಲ್ಲರಿಗಿಂತ ಮೊದಲು ನೀನೇ ನಗ್ತಿದ್ದೆ ಕಣೋ. ನೀನು ನಕ್ಕ ಮೇಲೇ ಉಳಿದೋರು ನಗ್ತಿದ್ದಿದ್ದು.

...ಸರಿ, ಮಡಚು. ಅದೊಂದು ಕಡೆ ಅಂಚು ಬಿಟ್ಟಿದೆ ನೋಡು, ನೀಲಿದು. ಹಾಂ.

ನಿಜ, ಮೊದಲು ನಾನು ನಾಲ್ಕು ಗಜ ಅಂತಿರಲಿಲ್ಲ. ಮೊದಲ ವರ್ಷ ಒಂದು ಗೇಣು ಅಂದೆ. ಆಮೇಲೆ ಒಂದು ಗಜ ಆಯ್ತು. ನಿನ್ನ ಮಗನ ಮದುವೆ ಊಟದಲ್ಲಿ ಮೈದಾನದ ಮಧ್ಯದಿಂದ ಅಂದೆ. ಬೀಗರು ಎಷ್ಟು ನಕ್ಕರು, ನೆನಪಿದೆಯಾ? ಈಗ ಕ್ಷೌರಿಕ ಬಸ್‌ಸ್ಟಾಪಿಗೆ ತಗೊಂಡು ಹೋಗಿದ್ದಾನೆ. ಕಥೆ ಅಂದ್ರೆ ಹಾಗೇನೇ, ಬೆಳೀಬೇಕು. ಅದರಲ್ಲಿ ನಿನ್ನನ್ನ ಅವಮಾನ ಮಾಡೋ ಉದ್ದೇಶ... ಇರಲಿಲ್ಲ. ನಿನ್ನಾಣೆ ಇರಲಿಲ್ಲ.

ಏಯ್, ಅಲ್ಲಿಗೆ ಯಾಕೆ ಹೋದೆ? ಆ ಮೂಲೆ ಬೇಡ ಅಂದೆ ತಾನೆ? ಅಲ್ಲಿರೋ ಮೂರು ಕಂಬಳಿ ನಾನೇ ಮಡಚ್ತೀನಿ. ನನಗೂ ಪುಣ್ಯ ಬೇಡ್ವಾ? ಕೂತ್ಕೋ... ಮಂಡಿ ನೋವು ಅಂತಿದ್ದೆ, ಕೂತ್ಕೋ ಮಾರಾಯ.

ನಿನ್ನೆ ಸಂಜೆ ನಿನ್ನ ಮೊಮ್ಮಗಳು ಆಡೋದನ್ನ ನೋಡಿದೆ. ಪ್ರ್ಯಾಕ್ಟೀಸಿಗೆ ಬಂದಿದ್ದಳು. ಅಬ್ಬಾ, ಏನು ಓಟ! ನಿನ್ನದೇ ಓಟ. ತಲೆ ಬಗ್ಗಿಸಿ, ಎಡಗಡೆಗೆ ಸ್ವಲ್ಪ ವಾಲಿ... ನಾನು ಬೇಲಿ ಹಿಡ್ಕೊಂಡು ನಿಂತಿದ್ದೆ, ಒಂದು ಕ್ಷಣ ನಲವತ್ತೈದು ವರ್ಷ ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ. ಇಬ್ಬರನ್ನ ದಾಟಿದಳು. ಗೆರೆ ಒಳಗೆ ಬಂದಳು. ಗೋಲು ಖಾಲಿ. ಹೊಡಿಯೇ ಅಂತ ಎಲ್ಲರೂ ಕಿರಿಚಿದ್ರು. ಹೊಡೀಲಿಲ್ಲ. ಕೆಳಗೆ ನೋಡಿದಳು. ಇನ್ನೂ ಎರಡು ಹೆಜ್ಜೆ ಒಳಗೆ ಹೋದಳು, ಮತ್ತೆ ಕೆಳಗೆ ನೋಡಿದಳು. ಅಷ್ಟರಲ್ಲಿ ಚೆಂಡು ಕಿತ್ಕೊಂಡು ಹೋದ್ರು. ಒಂದು ಸಲ ಅಲ್ಲ, ಮೂರು ಸಲ ಹೀಗೇ ಆಯ್ತು. ಆಮೇಲೆ ನಲ್ಲಿ ಹತ್ರ ಕೇಳಿದೆ, ಯಾಕಮ್ಮಾ, ಒಳಗೆ ಬಂದಮೇಲೆ ಹೊಡೀಬಾರದಾ ಅಂತ. ಏನಂದಳು ಗೊತ್ತಾ? "ಪೂರ್ತಿ ಒಳಗೆ ಬಂದಿದ್ದೀನಾ ಅಂತ ನೋಡ್ತೀನಿ ತಾತ. ಇಲ್ಲಾಂದ್ರೆ ಇವಳೂ ಗೆರೆ ಮೊಮ್ಮಗಳೇ ಅಂತಾರೆ."

ನಕ್ಕೊಂಡೇ ಹೇಳಿದಳು. ನಾನೂ ನಕ್ಕೆ. ನೀರು ಕುಡಿಯೋಕೆ ಹೋದವನು ಕುಡೀದೇ ಬಂದೆ.

...ಬೇಡ. ಬೇಡ ಕಣೋ, ಆ ಕೆಂಪು ಕಂಬಳಿ ಎತ್ತಬೇಡ. ಇಲಿ... ಅಯ್ಯೋ.

ಎತ್ತಿಬಿಟ್ಟೆ.

ಅದಾ? ಅದು ಹಗ್ಗ. ಬ್ಯಾನರ್ ಕಟ್ಟೋಕೆ ತಂದಿದ್ದು... ಅಲ್ಲ, ಬ್ಯಾನರ್ ಆಗಲೇ ಕಟ್ಟಾಗಿದೆ, ನಿಜ. ಹಾಗಿದ್ರೆ ಬಲೆ ಕಟ್ಟೋಕೆ. ಸರಿಯಪ್ಪ, ಹಳೇ ಹಗ್ಗ. ಗೆರೆ ಎಳೆಯೋ ಹಗ್ಗ. ಅಟ್ಟದ ಮೇಲೆ ಸುಣ್ಣದ ಡಬ್ಬ ಹುಡುಕುವಾಗ ತಾನಾಗೇ ಮೇಲಿಂದ ಬಿತ್ತು. ಇವತ್ತು ಬೆಳಗ್ಗೆ. ಈಗ, ಈಗಷ್ಟೇ. ಬಿದ್ದಿದ್ದು ಬಿತ್ತು, ನೋಡೋಣ ಅಂತ ಹೊಸ ಟೇಪ್ ಹಿಡಿದು ಅಳೆದೆ. ಆಗ ಗೊತ್ತಾಯ್ತು ನೋಡು, ಎಂಥ ಆಶ್ಚರ್ಯ! ಗೋಲು ಕಂಬದ ಬುಡಕ್ಕೆ ಗೂಟ ಹೊಡೆದು, ಅದಕ್ಕೆ ಈ ಕುಣಿಕೆ ಹಾಕಿ, ಹದಿನಾರು ಗಜ ಎಳೆದು ಸುತ್ತು ಬಂದ್ರೆ ಗೆರೆ ಆಗುತ್ತೆ. ಹಗ್ಗ ಹದಿನಾರು ಗಜ ಇರಬೇಕು. ಇದೆ ಎಷ್ಟು? ಹದಿನೈದು! ನಾನು ಹೌಹಾರಿದೆ! ನಿನಗೆ ಹೇಳಬೇಕು ಅಂತಲೇ ಹೊರಟಿದ್ದೆ, ನೀನೇ ಬಾಗಿಲು ತಟ್ಟಿದೆ.

ಯಾಕೆ ಹೀಗಾಯ್ತು ಅಂತಾನೂ ಈಗ ನೆನಪಿಗೆ ಬಂತು. ಫೈನಲ್ ಹಿಂದಿನ ದಿನ ನಿಮ್ಮ ಅಪ್ಪನ ಹೈನಿನ ಫಾರಂಗೆ ಶಾಲೆ ಮಕ್ಕಳನ್ನ ಕರ್ಕೊಂಡು ಬಂದಿದ್ರಲ್ಲ, ಹಾಲು ಕರೆಯೋದು ತೋರಿಸೋಕೆ? ನಾನು ಹಗ್ಗ ಹೆಗಲಿಗೆ ಹಾಕ್ಕೊಂಡು ಮೈದಾನಕ್ಕೆ ಹೋಗೋನು, ಹಾಗೇ ಒಂದು ಗಳಿಗೆ ನಿಮ್ಮ ಮನೆ ಕಡೆ ಬಂದೆ. ಯಾಕೆ ಬಂದೆ ಅಂತ ಕೇಳಬೇಡ, ನನ್ನ ಮದುವೆಗೆ ಎಂಟು ದಿನ ಇತ್ತು. ನಿಮ್ಮಕ್ಕ ಮಕ್ಕಳಿಗೆ ಲೋಟಕ್ಕೆ ಹಾಲು ಹಾಕ್ತಿದ್ದಳು. ಆಗ ಗೂಳಿ ನುಗ್ಗಿತು! ಕೊಂಬು ಇಷ್ಟಿಷ್ಟುದ್ದ...

...ಕರು. ಹದಿನೈದು ದಿನದ ಕರು. ಕಟ್ಟು ಬಿಚ್ಕೊಂಡು ಮಕ್ಕಳ ಮಧ್ಯೆ ನೆಗೀತು. ಮಕ್ಕಳು ಹೋ ಅಂತ ಓಡಿದ್ರು. ನಾನು ಚಾಕು ತೆಗೆದು, ಈ ಹಗ್ಗದ ತುದಿ ಎರಡು ಮೊಳ ಕತ್ತರಿಸಿ, ಕರುವಿನ ಕುತ್ತಿಗೆಗೆ ಹಾಕಿ ಕಟ್ಟಿದೆ. ಕೊಟ್ಟಿಗೇಲಿ ಬೇರೆ ಹಗ್ಗ ಬೇಕಾದಷ್ಟಿತ್ತು. ಆದ್ರೆ ನಿಮ್ಮಕ್ಕ ನೋಡ್ತಿದ್ದಳು. ಅವಳು ನೋಡ್ತಿದ್ದಾಳೆ ಅಂತಲೇ ಸರಕ್ಕನೆ ಕತ್ತರಿಸಿದ್ದು, ವೀರನ ಥರ. ಅವಳು ನಕ್ಕಳು. ನಾನು ಹಗ್ಗ ಮರೆತೆ. ಮಾರನೇ ದಿನ ಗೊತ್ತಿಲ್ಲದೇ ಅದೇ ಹಗ್ಗದಲ್ಲಿ ಗೆರೆ ಎಳೆದೆ. ಮರೆವು ಕಣೋ, ಪ್ರಾಯದ ಮರೆವು. ಇವತ್ತಿನ ತನಕ ನನಗೆ ಗೊತ್ತೇ ಇರಲಿಲ್ಲ. ನಂಬು. ನಾನು ಸುಳ್ಳು ಹೇಳ್ತೀನಾ?

...ಏನು ಹಾಗೆ ನೋಡ್ತೀಯ?

ಸೂಜಿ ಯಾಕೆ ತೆಗೆದೆ ಬಾಯಿಂದ? ಮಾತಾಡು ಮತ್ತೆ. ಬಯ್ಯೋದಾದ್ರೆ ಬಯ್ಯಿ.

...ಹಗ್ಗ ಯಾಕೆ ಮಾರು ಹಾಕ್ತೀಯ? ಅಳೆದಿದ್ದೀನಿ ಅಂದೆನಲ್ಲ. ಬೇಡ ಕಣೋ, ಧೂಳಿದೆ... ಒಂದು ಮಾರು... ಎರಡು... ನಿಲ್ಲಿಸೋ.

ಗೊತ್ತಿತ್ತು.

ಆಯ್ತಾ? ಗೊತ್ತಿತ್ತು. ಆ ದಿನಾನೇ ಗೊತ್ತಿತ್ತು. ಸುಣ್ಣ ಹುಲ್ಲನ್ನ ಸುಡುತ್ತೆ ಅಲ್ವಾ, ಹಿಂದಿನ ವರ್ಷದ ಗೆರೆ ಹಳದಿಯಾಗಿ ಹಾಗೇ ಕಾಣ್ತಿತ್ತು. ನಾನು ಬಿಳಿ ಗೆರೆ ಎಳೆದು ಮುಗಿಸಿ ಎದ್ದು ನೋಡ್ತೀನಿ, ಹಳದಿ ಗೆರೆ ಒಂದು ಗಜ ಆಚೆ ನಿಂತಿದೆ. ಆದ್ರೆ ಆಗಲೇ ಬ್ಯಾಂಡು ಬಾರಿಸ್ತಿದ್ರು, ಅತಿಥಿಗಳ ಕಾರು ಬಂದಿತ್ತು. ಸುಣ್ಣ ಅಳಿಸೋಕಾಗುತ್ತಾ? ಹೋಗ್ಲಿ, ಇಷ್ಟು ದೊಡ್ಡ ಮೈದಾನದಲ್ಲಿ ಸರಿಯಾಗಿ ಆ ಒಂದು ಗಜದಲ್ಲೇ ನಿಂತು ಯಾರು ಹೊಡೀತಾರೆ ಅಂದ್ಕೊಂಡೆ.

ನೀನು ಹೊಡೆದೆ. ಬಿಳಿ ಗೆರೆಗೂ ಹಳದಿ ಗೆರೆಗೂ ಮಧ್ಯೆ.

ಅಂಪೈರ್ ಒಳ್ಳೆಯವನೇ. ಅವನಿಗೂ ಅನುಮಾನ ಬಂತು. ನನ್ನನ್ನ ಕರೆದು ಕೇಳಿದ, ಗೆರೆ ಅಳತೆ ಸರಿ ಇದೆಯೇನಯ್ಯಾ ಅಂತ. ನೀನು ಪಕ್ಕದಲ್ಲೇ ನಿಂತಿದ್ದೆ, ಏದುಸಿರು ಬಿಡ್ತಾ. ಭಾವ, ನೀನು ಹೇಳು ಅಂದೆ. ಮದುವೆಗೆ ಮುಂಚೇನೇ ಭಾವ ಅಂದೆ... ಆ ಕೆಲಸ ಆ ತಿಂಗಳು ಕಾಯಂ ಆಗೋದಿತ್ತು ಕಣೋ. ತಪ್ಪು ಗೆರೆ ಎಳೆದವನನ್ನ ಇಟ್ಕೋತಿದ್ರಾ? ಕೆಲಸ ಇಲ್ಲದವನಿಗೆ ನಿಮ್ಮಪ್ಪ ಮಗಳನ್ನ ಕೊಡ್ತಿದ್ರಾ? ಸರಿ ಇದೆ ಸಾರ್, ನಾನೇ ಮೂರು ಸಲ ಅಳೆದಿದ್ದೀನಿ ಅಂದೆ.

ಮೂರು ಸಲ ಅಂತ ಯಾಕೆ ಅಂದೆನೋ. ಒಂದು ಸಲ ಅಂದಿದ್ರೂ ಸಾಕಿತ್ತು.

ನೀನು ಸ್ಟಿಕ್ ಎಸೀಲಿಲ್ಲ. ಅದೂ ನಾನು ಕಟ್ಟಿದ್ದೇ. ಟೀ ಲೋಟಾನೂ ಇರಲಿಲ್ಲ. ನೀನು ನನ್ನ ಮುಖ ನೋಡಿದೆ. ಈಗ ನೋಡ್ತಿದ್ದೀಯಲ್ಲ, ಹೀಗೇ. ಸ್ಟಿಕ್ಕನ್ನ ಮೆಲ್ಲಗೆ ಆ ಗೆರೆ ಮೇಲೆ ಮಲಗಿಸಿದೆ. ಸೀಟಿ ಊದೋಕೆ ಮುಂಚೆ ಮೈದಾನ ಬಿಟ್ಟು ಹೊರಟುಹೋದೆ. ಆಯ್ಕೆ ಮಾಡೋರು ಮೂವರು ಬಂದು ಕೂತಿದ್ರು, ದೊಡ್ಡ ತಂಡಕ್ಕೆ ನಿನ್ನನ್ನ ನೋಡೋಕಂತಲೇ. ಪಂದ್ಯದ ಮಧ್ಯೆ ಹೊರಟುಹೋದವನು ಅಂತ ಬರ್ಕೊಂಡು ಹೋದ್ರು. ಒಂದು ವರ್ಷ ಆಡಬಾರದು ಅಂದ್ರು. ನೀನು ಒಂದು ವರ್ಷ ಅಲ್ಲ, ಮತ್ತೆಂದೂ ಆಡಲಿಲ್ಲ. ನಿಮ್ಮ ಸೋದರಮಾವನ ಅಂಗಡೀಲಿ ಹೊಲಿಗೆ ಮಿಷನ್ ಮುಂದೆ ಕೂತೆ.

ಹಗ್ಗ ಸುಡಬೇಕು ಅಂತ ಎಷ್ಟು ಸಲ ಅಂದ್ಕೊಂಡೆ. ಕೈ ಬರಲಿಲ್ಲ. ಅಟ್ಟದ ಮೇಲೆ ಸುಣ್ಣದ ಡಬ್ಬದಲ್ಲಿ ಮುಚ್ಚಿಟ್ಟೆ. ತಾನಾಗೇ ಬೀಳಲಿಲ್ಲ ಕಣೋ, ಇವತ್ತು ಏಣಿ ಹಾಕಿ ಇಳಿಸಿದ್ದು ನಾನೇ. ಆ ಹುಡುಗಿ ಕೆಳಗೆ ನೋಡಿದಳಲ್ಲ... ಅದಕ್ಕೆ. ಇಳಿಸಿದೆ. ನಿನಗೆ ತೋರಿಸೋ ಧೈರ್ಯ ಬರಲಿಲ್ಲ, ಕಂಬಳಿ ಹೊದಿಸಿದೆ. ಯಾವುದೋ ಪುಣ್ಯಾತ್ಮರು ರೋಗಿಗಳಿಗೆ ಕೊಟ್ಟಿದ್ದು.

ಈಗಾದ್ರೂ ಬಯ್ಯೋ! ಕೆನ್ನೆಗೆ ಹೊಡಿ. ಅಲ್ಲ, ನಿನಗೆ ಆಶ್ಚರ್ಯವೂ ಆಗಲ್ವಾ? ಹಗ್ಗ ಒಂದು ಗಜ ಕಮ್ಮಿ ಅಂದೆ, ಕಣ್ಣು ಮಿಟುಕಿಸಲಿಲ್ಲ. ಕರುವಿಗೆ ಕಟ್ಟಿದೆ ಅಂದೆ, ಹೌದಾ ಅನ್ನಲಿಲ್ಲ. ನಾನು ಗೂಳಿ ಅಂದಾಗ ಮಾತ್ರ ಹಾಗೆ ನೋಡಿದೆ, ಅದು ಕರು ಅಂತ...

ತಾಳು.

ಅದು ಕರು ಅಂತ ನಿನಗೆ ಹೇಗೆ ಗೊತ್ತು? ನೀನು ಆ ದಿನ ಮನೇಲಿರಲಿಲ್ಲ, ಪ್ರ್ಯಾಕ್ಟೀಸಲ್ಲಿದ್ದೆ.

...ಆ ಎರಡು ಮೊಳ. ಅದು ಕರುವಿನ ಕುತ್ತಿಗೇಲೇ ಇತ್ತು. ನಿಮ್ಮ ಕೊಟ್ಟಿಗೇಲಿ. ಸುಣ್ಣ ಮೆತ್ತಿದ ಹಗ್ಗ, ತುದೀಲಿ ನಾನು ಸುತ್ತಿದ್ದ ನೀಲಿ ದಾರ. ಮೈದಾನ ಬಿಟ್ಟು ನೀನು ಸೀದಾ ಮನೆಗೆ ಹೋದೆ ಅಂದಿದ್ರು... ನೋಡಿದ್ಯಾ? ಆ ಸಂಜೇನೇ ನೋಡಿದ್ಯಾ?

ಮತ್ತೆ ಯಾಕೋ ಸುಮ್ಮನಿದ್ದೆ? ನಲವತ್ತೈದು ವರ್ಷ! ಒಂದು ಮಾತು ಹೇಳಿದ್ರೆ ನಿನ್ನ ಗೋಲು ನಿನಗೆ ಸಿಗ್ತಿತ್ತಲ್ಲೋ! ನಾನು ಕೆಲಸ ಕಳ್ಕೋತಿದ್ದೆ, ಮದುವೆ ಮುರೀತಿತ್ತು, ಅಷ್ಟೇ ತಾನೆ...

...ಓ.

ಅದಕ್ಕಾ.

ನಾನು ಪ್ರತಿಸಲ ಟೀ ಲೋಟದ ಹತ್ರ ಬಂದಾಗ ನೀನು ಮೊದಲು ನಗ್ತಿದ್ದಿದ್ದು... ನಿಮ್ಮಕ್ಕನ ಸಂಸಾರ ಚೆನ್ನಾಗಿರಲಿ ಅಂತಾನಾ?

ತಾಳು, ತಾಳು. ಆ ಕರುವಿಗೆ ಹುಲ್ಲು ಹಾಕ್ತಿದ್ದವಳು ಯಾರು? ಬೆಳಗ್ಗೆ ಸಂಜೆ ಬಿಚ್ಚಿ ಕಟ್ಟುತ್ತಿದ್ದವಳು? ಅವಳ ಕಣ್ಣೆದುರೇ ಕತ್ತರಿಸಿದ್ದು ನಾನು. ಫೈನಲ್ ನೋಡೋಕೂ ಬಂದಿದ್ದಳು. ಮೂರು ಸಲ ಅಳೆದಿದ್ದೀನಿ ಅಂದಿದ್ದು ಅವಳಿಗೂ ಕೇಳಿಸ್ತು...

ಇಲ್ಲ ಅನ್ನು. ನಿಮ್ಮಕ್ಕನಿಗೆ ಗೊತ್ತಿಲ್ಲ ಅನ್ನು. ತಲೆ ಅಡ್ಡ ಆಡಿಸು ಸಾಕು, ಬಾಯಿ ಬಿಡೋದು ಬೇಡ.

...

ನಾನು ಈ ಕಥೆ ಶುರು ಮಾಡಿದಾಗೆಲ್ಲ ಅವಳು ಎದ್ದು ಹೋಗ್ತಿದ್ದಳು ಕಣೋ. ನೀರು ತರ್ತೀನಿ ಅಂತ. ಮದುವೆ ಮನೇಲಿ, ಕ್ಲಬ್ಬಲ್ಲಿ, ಯಾರದೋ ಜಗಲೀಲಿ... ಕೇಳಿ ಕೇಳಿ ಸಾಕಾಗಿದೆ ಅಂದ್ಕೊಂಡೆ. ತಮಾಷೆ ಬೇರೆ ಮಾಡ್ತಿದ್ದೆ, ನನ್ನ ಹೆಂಡತಿಗೆ ನನ್ನ ಕಥೆ ಕೇಳಿದ್ರೆ ಬಾಯಾರಿಕೆ ಆಗುತ್ತೆ ಅಂತ. ಜನ ನಗೋರು.

ಕೇಳಿಸ್ತಾ? ಮೈಕು. ಗೆರೆ ಕಥೆ ತಾತ ಎಲ್ಲಿದ್ರೂ ಬರಬೇಕಂತೆ. ಚಪ್ಪಾಳೆ ಬೇರೆ.

ಹಗ್ಗ ಇಲ್ಲಿ ಕೊಡು. ಅದನ್ನ ಹೆಗಲಿಗೆ ಹಾಕ್ಕೊಂಡೇ ಹೋಗ್ತೀನಿ, ಆವತ್ತಿನ ಥರ. ಕ್ಷೌರಿಕನಿಗೆ ಹೇಳು, ವೇಷ ಬಿಚ್ಚಲಿ. ನಿನ್ನ ಮೊಮ್ಮಗಳಿಗೆ ಹೇಳು, ಪೂರ್ತಿ ಕೇಳಿಸ್ಕೊಂಡೇ ಆಟಕ್ಕೆ ಇಳೀಲಿ. ಇವತ್ತು ಒಂದು ಗಜಾನೂ ಜಾಸ್ತಿ ಹೇಳಲ್ಲ.

ನಿಮ್ಮಕ್ಕ ಮೊದಲ ಸಾಲಲ್ಲಿ ಕೂತಿದ್ದಾಳೆ. ನೀನು ಮುಂದೆ ಹೋಗು, ಅವಳ ಪಕ್ಕ ಕೂತ್ಕೋ. ನಾನು ಮೈಕ್ ಹಿಡಿದ ತಕ್ಷಣ ಅವಳು ಏಳ್ತಾಳೆ... ಕೈ ಹಿಡ್ಕೊಂಡು ಕೂರಿಸು. ನೀರು ಬೇಡ ಅಂತ ಹೇಳು.